ಪಟ್ಟಿಯಲ್ಲಿಲ್ಲದ ಉಪ್ಪು

ನಮ್ಮೂರ ಹೆಂಗಸರಿಗೆ ಸಾಲ ಕೊಡುವ ಮೈಕ್ರೋ ಫೈನಾನ್ಸ್‌ನ ಮಧುಗಿರಿ ಶಾಖೆಯ ವ್ಯವಸ್ಥಾಪಕರೇ,

ಒಂದು ಕಂತನ್ನೂ ತಪ್ಪಿಸದ ನನ್ನ ಅತ್ತೆ ನರಸಮ್ಮನವರು 'ಸಾಲ ಪಡೆದು ವಂಚಿಸಿದ್ದಾರೆ' ಎಂದು ತಾವು ನೋಟಿಸು ಕಳಿಸಿದ್ದೀರಿ. ಉಳಿದ ಹಣವನ್ನು ಒಂದೇ ಸಲಕ್ಕೆ ಕಟ್ಟಬೇಕಂತೆ. ಅಲ್ಲಿಯವರೆಗೆ ಗುಂಪಿನ ಉಳಿದ ಒಂಬತ್ತು ಹೆಂಗಸರಿಗೂ ಸಾಲವಿಲ್ಲವಂತೆ. ಜಗಳವಾಡುವ ಶಕ್ತಿ ನಮಗೀಗ ಇಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ದೊಡ್ಡೇರಿ ಕಡೆಯ ನಮ್ಮೂರಿನಲ್ಲಿ ಬೇಸಿಗೆ ಬಂತೆಂದರೆ ಕೆರೆಯಂಚಿನ ಚೌಳು ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಏಳುತ್ತದೆ. ಆ ಮಣ್ಣನ್ನು ಕೆರೆದು ತಂದು, ನೀರು ಹಾಯಿಸಿ ಸೋಸಿ, ಸೋಸಿದ ನೀರನ್ನು ತಗ್ಗು ಪಾತಿಗಳಂಥ ಮಡಿಗಳಲ್ಲಿ ಬಿಸಿಲಿಗೆ ಒಣಗಿಸಿ ಅತ್ತೆ ಉಪ್ಪು ತೆಗೆಯುತ್ತಾರೆ. ಕುರಿ ಸಾಕುವವರು ಕೊಂಡೊಯ್ಯುತ್ತಾರೆ. ಮಡಿಗಳಿಗೆ ಸಿಮೆಂಟು ಹಾಕಿಸಲು ಜನವರಿಯಲ್ಲಿ ನಲವತ್ತು ಸಾವಿರ ಕೇಳಿದೆವು. ತಮ್ಮ ಸಿಬ್ಬಂದಿ ಮೊಬೈಲಿನಲ್ಲಿ ಕಸುಬುಗಳ ಪಟ್ಟಿ ಹುಡುಕಿದರು.

"ಉಪ್ಪು ಅನ್ನೋದೇ ಇಲ್ವಲ್ಲಮ್ಮ. ಎಮ್ಮೆ ಅಂತ ಹಾಕ್ಬುಡ್ತೀನಿ, ಏನೂ ಆಗಲ್ಲ."

ಅತ್ತೆ ಹೆಬ್ಬೆಟ್ಟೊತ್ತಿದರು. ಓದು ಬರುವ ನಾನು ಪಕ್ಕದಲ್ಲೇ ಸುಮ್ಮನಿದ್ದೆ. ಆ ತಪ್ಪು ನನ್ನದು.

ಏಪ್ರಿಲ್‌ನಲ್ಲಿ ತಮ್ಮ ತನಿಖಾಧಿಕಾರಿ ಎಮ್ಮೆ ನೋಡಲು ಬಂದರು. ಸುದ್ದಿ ತಿಳಿದು ಪಕ್ಕದ ಮನೆಯ ಚನ್ನಮಲ್ಲಮ್ಮ ತಮ್ಮ ಎಮ್ಮೆಯನ್ನೇ ಹಿಡಿದುಕೊಂಡು ಬಂದು, "ಒಂದು ಫೋಟೋ ತಾನೆ, ತೆಗೆಸ್ಕಳೆ ನರಸಮ್ಮ" ಎಂದು ಪಿಸುಗುಟ್ಟಿದರು.

"ಬ್ಯಾಡ ಕಣೆ" ಎಂದ ಅತ್ತೆ ಅಧಿಕಾರಿಯತ್ತ ತಿರುಗಿ, "ಎಮ್ಮೆ ನಂದಲ್ಲ ಸಾರ್. ದುಡ್ಡೆಲ್ಲ ಅಲ್ಲಿ ಹಾಕಿದೀನಿ, ಬಂದು ನೋಡಿ" ಎಂದು ಮಡಿಗಳ ಕಡೆ ಕೈ ತೋರಿದರು.

ಹಿತ್ತಲು ದಾಟಿದರೆ ಮಡಿಗಳು. ಅಧಿಕಾರಿ ಅಷ್ಟು ದೂರವೂ ಹೋಗಲಿಲ್ಲ. ನಮ್ಮ ಖಾಲಿ ಕೊಟ್ಟಿಗೆಯ ಫೋಟೋ ತೆಗೆದುಕೊಂಡು ಹೊರಟರು. ಸುಳ್ಳು ಬರೆದವರು ತಮ್ಮ ಸಿಬ್ಬಂದಿ, ವಂಚಕಿಯಾದದ್ದು ನಮ್ಮತ್ತೆ! ನೆರೆಮನೆಯ ಎಮ್ಮೆ ತೋರಿಸಿದ್ದರೆ ಅವರು ತಮ್ಮ ಪ್ರಾಮಾಣಿಕ ಗ್ರಾಹಕರಾಗಿ ಉಳಿಯುತ್ತಿದ್ದರಲ್ಲವೇ?

ಉಪ್ಪು ಹರಳುಗಟ್ಟಲು ಹದಿನೈದು ದಿನ ಬೇಕು. ತಮ್ಮ ಕಂತಿಗೆ ಅಷ್ಟು ಪುರಸೊತ್ತಿಲ್ಲ. ಅದು ಪ್ರತಿ ಮಂಗಳವಾರ ಬರುತ್ತದೆ. ನೋಟಿಸು ಬಂದ ಮೇಲಂತೂ ಅತ್ತೆಯೂ ನಾನೂ ಉಪ್ಪಿನ ಕೆಲಸ ಬಿಟ್ಟು ಮಧುಗಿರಿಗೆ ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋಗುತ್ತಿದ್ದೇವೆ. ಹೋದ ವಾರ ನಾವಿಲ್ಲದ ಮಧ್ಯಾಹ್ನ ಮಳೆ ಬಂದು, ಎರಡು ಮಡಿಗಳ ಉಪ್ಪು ಪೂರ್ತಿ ಕರಗಿಹೋಯಿತು. ಸಂಜೆ ಬಸ್ಸಿಳಿದು ಬಂದ ಅತ್ತೆ, "ಟಾರ್ಪಾಲು ಮುಚ್ಚಾಕೆ ಮನೇಲಿ ಒಬ್ರೂ ಇರ್ಲಿಲ್ವಲ್ಲೇ" ಎಂದರು. ಅಂದು ಊಟ ಮಾಡಲಿಲ್ಲ.

ಪಟ್ಟಿಯಲ್ಲಿ ಉಪ್ಪಿಗೊಂದು ಸಾಲು ಬರೆಯಿರಿ. ಉಪ್ಪು ಮಾರಿದ ಮೇಲೆ ಕಂತು ಕಟ್ಟಿಸಿಕೊಳ್ಳಿ. ಆ ಒಂಬತ್ತು ಮಂದಿಯನ್ನು ಬಿಟ್ಟುಬಿಡಿ. ನೋಟಿಸನ್ನು ಹಿಂದಕ್ಕೆ ಪಡೆದು, ಗುಂಪಿನ ಸಭೆಗೆ ತಾವೇ ಬಂದು, ನರಸಮ್ಮನವರು ಮೋಸ ಮಾಡಿಲ್ಲ ಎಂದು ಎಲ್ಲರೆದುರು ಹೇಳಿ. ಆ ಒಂದು ಮಾತಿಗೆ ಬಡ್ಡಿಯೇನೂ ಬೀಳುವುದಿಲ್ಲ.

ಇಂತಿ,
ಈ ವಾರದ ಕಂತನ್ನೂ ಕಟ್ಟಿ ಬಂದಿರುವ
ಲಕ್ಷ್ಮೀದೇವಿ