ಬಸ್ ಹಾಡಿನ ಉಸಿರು

ಮಾರ್ಚ್ ೪, ಬೆಳಿಗ್ಗೆ

ಸ್ನೇರ್ ಡ್ರಮ್ಮಿಗೆ ಮತ್ತೆ ಟೇಪ್ ಅಂಟಿಸಿದ್ದಾಯಿತು. ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ ಮನೆಯ ಬಚ್ಚಲಲ್ಲೇ ಮುಗಿದಿತ್ತು. ಎರಡನೆಯದಕ್ಕೆ ನಿಜವಾದ ಸ್ಟುಡಿಯೋ, ಗೋಡೆಗೆಲ್ಲ ಸ್ಪಂಜು. ಇಲ್ಲಿ ಕೆಮ್ಮಲೂ ಸಂಕೋಚ.

ಹಾಡಬೇಕಾದ ಅಕ್ಕನೇ ಬರಲಿಲ್ಲ. ಗಂಟಲು. ಆಪರೇಷನ್ ಆದ ಮೇಲೆ ಡಾಕ್ಟರು ಹಾಡಬಹುದು ಎಂದಿದ್ದಾರೆ, ಗಂಟಲು ಒಪ್ಪುತ್ತಿಲ್ಲ. ಉಳಿದ ಹಾಡುಗಳು ಹೇಗೋ ಆದವು. ಬಸ್ ಹಾಡೊಂದು ಬಾಕಿ. ಅವಳೇ ಬರೆದದ್ದು, ಅದಿಲ್ಲದೆ ಆಲ್ಬಮ್ಮೇ ಇಲ್ಲ.

ಇಂಜಿನಿಯರ್: "ಯಾರಾದ್ರೂ ಸುಮ್ನೆ ಗೈಡ್ ಹಾಡ್ರಪ್ಪ, ಗಿಟಾರಿಗೆ ದಾರಿ ಗೊತ್ತಾಗ್ಲಿ. ಆಮೇಲೆ ಅಳಿಸ್ತೀನಿ."

ನಾನು ಹಾಡಿದೆ, ಸ್ಟೂಲಿನ ಮೇಲೆ ಕೂತೇ. ಸ್ವರ ಮೇಲಕ್ಕೇರುವ ಆ ಮೇಲಿನ ಸಾಲಿನಲ್ಲಿ ಉಸಿರು ಸಾಲದೆ ಪದದ ನಡುವೆಯೇ ಉಸಿರೆಳೆದೆ. ನಗು ಬಂತು.

ಮಾರ್ಚ್ ೯

ಅಕ್ಕ ಬಂದಳು. ಸಂಜೆಯವರೆಗೆ ಅದೇ ಮೇಲಿನ ಸಾಲು. ಪ್ರತಿ ಸಲ ಒಡೆಯುತ್ತದೆ. ನಮ್ಮ ಗಿಟಾರಿಸ್ಟ್ ಜಿರಾಫೆ "ಪರವಾಗಿಲ್ಲ" ಎಂದ. ಅವನು ಪರವಾಗಿಲ್ಲ ಎಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಅಕ್ಕ ಹೆಡ್‌ಫೋನ್ ಕಿತ್ತಿಟ್ಟಳು. "ಇದೊಂದ್ ಹಾಡಕ್ಕಾಗ್ಲಿಲ್ಲ ಅಂದ್ರೆ ನಾನ್ ಬ್ಯಾಂಡಲ್ಲಿ ಇರಲ್ಲ. ಬೇರೆಯವ್ರನ್ನ ನೋಡ್ಕೊಳ್ಳಿ."

ಅವಳು ಹೋದ ಮೇಲೆ ಇಂಜಿನಿಯರ್ ನನ್ನ ಗೈಡ್ ಹಾಕಿದ. ಅಳಿಸಿರಲೇ ಇಲ್ಲ, ಕಳ್ಳ. ಫೋನಿನಲ್ಲಿ ಅಮ್ಮನೇ ನಮ್ಮಿಬ್ಬರ ದನಿ ಅದಲುಬದಲು ಮಾಡಿಕೊಳ್ಳುತ್ತಾಳೆ... ಅಕ್ಕನದೇ ಕಂಠ, ಒಡೆಯದ್ದು. ಜಿರಾಫೆ ನನ್ನನ್ನು ನೋಡಿದ. ನಾನು ಚಪ್ಪಲಿ ನೋಡಿಕೊಂಡೆ.

ಅದು ಆಲ್ಬಮ್‌ನಲ್ಲಿ ಇರಬೇಕು. ಛೆ. ಆದರೂ ಬೇಕು.

ಮಾರ್ಚ್ ೧೦

ಕೂತಲ್ಲಿ ಕೂರಲಾಗುತ್ತಿಲ್ಲ. ಊಟದ ಮೇಜು ಬಾರಿಸಿ ಅಮ್ಮನ ಕೈಲಿ ಬೈಸಿಕೊಂಡೆ.

ಮಾರ್ಚ್ ೧೭

ಎಲ್ಲರಿಗೂ ರಫ್ ಮಿಕ್ಸ್ ಬಂತು, ಆಲ್ಬಮ್ಮಿನ ಕರಡು. ಬಸ್ ಹಾಡಿಗೆ ಇಂಜಿನಿಯರ್ ನನ್ನ ಗೈಡನ್ನೇ ಬಿಟ್ಟಿದ್ದಾನೆ. ಅಕ್ಕ ನನ್ನ ರೂಮಿಗೆ ಓಡಿ ಬಂದಳು, ಕಣ್ಣು ತುಂಬಿತ್ತು.

"ಕೇಳಿದ್ಯಾ? ಯಾವ್ ಟೇಕೋ ಏನೋ... ಅವತ್ತು ಎಲ್ಲಾ ಹಾಳು ಅಂದ್ಕೊಂಡಿದ್ದೆ. ನನ್ ಗಂಟಲು ಹೋಗಿಲ್ಲ ಕಣೇ!"

ಹೇಳಬೇಕಿತ್ತು. "ಹೂಂ, ಚೆನ್ನಾಗಿದೆ" ಎಂದೆ.

ಮಾರ್ಚ್ ೧೯

ಜಿರಾಫೆ: "ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

"ಬಾಯ್ ಮುಚ್ಕೊಂಡಿರು. ಗೊತ್ತಾದ್ರೆ ಬಿಟ್ಟೇ ಹೋಗ್ತಾಳೆ."

ಅದು ನಿಜ. ಅದೊಂದೇ ಕಾರಣ ಎನ್ನುವುದು ಸುಳ್ಳು.

ಮಾರ್ಚ್ ೨೮

ನಾಳೆ ಫೈನಲ್ ಮಿಕ್ಸ್. ಅಕ್ಕ ಬಚ್ಚಲಲ್ಲಿ ಬಸ್ ಹಾಡು ಹಾಡುತ್ತಿದ್ದಳು. ಪದದ ನಡುವೆ ಉಸಿರು — ನಾನು ತಪ್ಪಿದ ಅದೇ ಜಾಗ. ಮತ್ತೆ ಮತ್ತೆ ಅಲ್ಲೇ.

ಒದ್ದೆ ತಲೆಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ನಾನು ಯಾವತ್ತೂ ಪದ ಮುರಿದು ಉಸಿರು ತಗೊಂಡೋಳಲ್ಲ. ಆ ಟೇಕ್ ನಂದಲ್ಲ."

"...ಯಾವಾಗ ಗೊತ್ತಾಯ್ತು?"

"ಎರಡನೇ ಸಲ ಕೇಳ್ದಾಗ್ಲೇ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ."

ಅಳು ಬಂತು. ಟವೆಲ್ ನನ್ನ ಮುಖಕ್ಕೆಸೆದಳು. "ಅತ್ತಿದ್ದು ಸಾಕು. ಅಲ್ಲಿ ಹೇಗ್ ತಗೊಂಡೆ, ತೋರ್ಸು. ಅಲ್ಲಿ ತಗೊಂಡ್ರೆ ನನ್ ಸ್ವರ ಒಡೆಯಲ್ಲ ಅನ್ಸತ್ತೆ. ನಂಗೆ ಸರಿಯಾಗ್ ಬರ್ತಿಲ್ಲ."

ತೋರಿಸಿದರೆ ಆಲ್ಬಮ್ಮಿನಿಂದ ನನ್ನ ದನಿ ಹೋಗುತ್ತದೆ. ಅದು ಅವಳಿಗೂ ಗೊತ್ತು. ಹಾಗಾಗಿಯೇ ಕಣ್ಣು ಬೇರೆ ಕಡೆ ಇಟ್ಟು ಕೇಳಿದಳು.

ಮಾರ್ಚ್ ೨೯, ಸ್ಟುಡಿಯೋ

ತೋರಿಸಿದೆ, ಅವಳಿಗೆ ಸಾಕೆನಿಸುವ ತನಕ. ಈಗ ಅಕ್ಕ ಗಾಜಿನ ಆಚೆ. ಇಂಜಿನಿಯರ್ ಕೇಳಿದ: "ಹಳೇದನ್ನ ಇಟ್ಕೊಳ್ಲಾ, ಅಳಿಸ್ಲಾ?" ಅಕ್ಕ ಮೈಕಿನಲ್ಲೇ, "ಅವಳನ್ನ ಕೇಳಿ" ಎಂದಳು.

"ಅಳಿಸಿ" ಎಂದೆ. ಹೊಟ್ಟೆ ಉರಿಯುತ್ತಿದೆ, ಇನ್ನೂ.

ಹಾಡು ಶುರುವಾಗಿದೆ. ಮೇಲಿನ ಸಾಲು ಬಂತು. ಅಕ್ಕ ಉಸಿರೆಳೆದಳು — ಅಲ್ಲೇ. ಇಲ್ಲಿ ಕೂತು ನಾನೂ ಎಳೆದೆ. ಇನ್ನು ಬರೆಯುವುದಿಲ್ಲ, ಕೇಳಬೇಕು.