ಹೆಜಮಾಡಿ ದಾಟಿದ ಡೈನೋಸಾರ್‌ಗಳು

ಕಾಪು
12 ಜುಲೈ 2025

ಪ್ರೀತಿಯ ಮಗಳು ತೃಪ್ತಿಗೆ,

ಮಮ್ಮಿಯ ಆಶೀರ್ವಾದ. ನಿನಗೂ ಹೊಟ್ಟೆಯಲ್ಲಿರುವ ಮಗುವಿಗೂ ದೇವಮಾತೆಯ ಕಾವಲು ಇರಲಿ.

ಚೊಚ್ಚಲ ಬಸುರಿಯನ್ನು ಏಳನೇ ತಿಂಗಳಲ್ಲಿ ತವರಿಗೆ ಕರೆತರುವುದು ನನ್ನ ಕೆಲಸ. ಯಾಕೆ ಬರಲಿಲ್ಲವೆಂದು ಕಾರ್ಕಳದಲ್ಲಿ ನಿನ್ನ ಅತ್ತೆ ಕೇಳುತ್ತಿರಬಹುದು. ಫೋನ್ ಮಾಡುವ ಹಾಗಿಲ್ಲ. ಸದ್ದು ಹೊರಗೆ ಹೋಗುತ್ತದೆಂದು ಪಪ್ಪ ಅದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದಾರೆ.

ಅವರ ಮರೆವು ಜಾಸ್ತಿಯಾಗಿದೆ. ಅದರ ಮೇಲೆ ಈ ಟಿವಿ. ಡೈನೋಸಾರ್‌ಗಳ ಕಾರ್ಯಕ್ರಮ ಒಂದುಂಟು, ದಿನವಿಡೀ ಅದೇ ಆಗಬೇಕು. ತೆಂಗಿನಮರದಷ್ಟು ಎತ್ತರದವು, ಕೋಳಿಯ ಹಾಗೆ ಎರಡು ಕಾಲಿನಲ್ಲಿ ಓಡಿ ಬಂದು ಹರಿದು ತಿನ್ನುವವು. ಎಲ್ಲ ಕೋಟಿಗಟ್ಟಲೆ ವರ್ಷದ ಹಿಂದೆ ಸತ್ತವು ಎಂದು ಅದರಲ್ಲೇ ಹೇಳುತ್ತಾರೆ. ಪಪ್ಪನ ತಲೆಗೆ ಅದು ಹೋಗುವುದಿಲ್ಲ. ಅವು ಹೆಜಮಾಡಿ ದಾಟಿದವಂತೆ, ಇನ್ನು ಕಾಪುವಿಗೆ ಎಷ್ಟು ಹೊತ್ತು ಎನ್ನುತ್ತಾರೆ. ಎರಡೂ ಬಾಗಿಲಿಗೆ ಬೀಗ, ಕೀ ಅವರ ಕಿಸೆಯಲ್ಲಿ. ಟಿವಿ ನಿಲ್ಲಿಸಿದರೆ "ಈಗ ಅವು ಎಲ್ಲಿಗೆ ಮುಟ್ಟಿದವೆಂದು ಗೊತ್ತಾಗುವುದು ಹೇಗೆ ಮಾರಾಯ್ತಿ?" ಎಂದು ಬೊಬ್ಬೆ. ಸಂಜೆ ಜಪಸರಕ್ಕೆ ಕೂತರೂ ಅದು ಓಡುತ್ತಿರಬೇಕು. ಒಂದು ಗರ್ಜಿಸಿದರೆ ಸಾಕು, ನನಗೆ ಪ್ರಾರ್ಥನೆ ಎಲ್ಲಿಗೆ ನಿಂತಿತೆಂದೇ ಮರೆಯುತ್ತದೆ.

ಮಳೆ ಹಿಡಿದ ಮೇಲೆ ಭಾನುವಾರದ ಪೂಜೆಗೂ ಇಗರ್ಜಿಯ ಮುಖ ಕಂಡಿಲ್ಲ. ಮೀನನ್ನೂ ಕಿಟಕಿಯ ಸರಳಿನೆಡೆಯಿಂದ ತೆಗೆದುಕೊಳ್ಳುತ್ತೇನೆ. "ಎಂತ ಬಾಯಮ್ಮಾ, ನಿಮಗೆ ಇನ್ನೂ ಜಾಮೀನು ಸಿಗಲಿಲ್ವಾ?" ಎಂದು ಮೀನಿನ ಅಪ್ಪಿ ನಗುತ್ತಾಳೆ. ನಾನೂ ನಗುತ್ತೇನೆ. ಈ ಕಾಗದ ಅಂಚೆಗೆ ಹಾಕುವವಳೂ ಅವಳೇ.

ಕೀ ಕಸಿದುಕೊಳ್ಳುವಷ್ಟು ಬಲ ನನಗುಂಟು. ಒಮ್ಮೆ ಕೈ ಹಾಕಿದೆ ಸಹ. "ಹೊರಗೆ ಹೋಗಬೇಡ ಕಾನ್ಸೆಪ್ಟಾ, ನನಗೆ ನೀನಲ್ಲದೆ ಯಾರುಂಟು?" ಎಂದು ನನ್ನ ಕೈ ಹಿಡಿದುಕೊಂಡರು. ಮದುವೆಯ ದಿನ ದೇವರೆದುರು ಮಾತು ಕೊಟ್ಟವಳು ನಾನು, ಮತ್ತೆ ಕೈ ಹಾಕಲಿಲ್ಲ.

ನೀನು ಬರುವುದು ಬೇಡ ಮಗಾ. ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದರೆ, ಬೀಗ ಹಾಕಿದ ಮನೆಯಿಂದ ನಿನ್ನನ್ನು ಹೇಗೆ ಹೊರಗೆ ತರಲಿ? ಅತ್ತೆಗೆ, ಮಮ್ಮಿಗೆ ಸೊಂಟನೋವು ಎಂದು ಹೇಳು. ಬಾಣಂತಿ ಲೇಹ್ಯ ಕಾಯಿಸಿಟ್ಟಿದ್ದೇನೆ, ಅಳಿಯ ಎಡ್ವಿನನನ್ನು ಕಳಿಸು. ಭರಣಿ ಸರಳಿನೆಡೆಯಲ್ಲಿ ಹಿಡಿಸುವುದಿಲ್ಲವೆಂದು ಸಣ್ಣ ಬಾಟಲಿಗಳಿಗೆ ತುಂಬಿಸಿದ್ದೇನೆ.

ನಿನ್ನ ದಾರಿ ನೋಡಬಾರದೆಂದುಕೊಂಡೂ ನೋಡುತ್ತಿರುವ,
ಮಮ್ಮಿ

ತಾ.ಕ.: ಬೀಗದ ಮಾತು ಸುಳ್ಳಲ್ಲ, ಆದರೆ ನಿನ್ನನ್ನು ಬೇಡ ಎಂದದ್ದು ಅದಕ್ಕಲ್ಲ. ನಿನ್ನೆ ಸಂಜೆ ನಿನ್ನ ಮದುವೆಯ ಫೋಟೊ ಒರೆಸುತ್ತಿದ್ದೆ. ಪಪ್ಪ ಬಂದು ತುಂಬ ಹೊತ್ತು ನೋಡಿದರು. "ಯಾರ ಮನೆಯ ಹುಡುಗಿ ಇದು? ಕತ್ತಲಾಗುವ ಮೊದಲು ಕಳಿಸಿಬಿಡು. ಪಾಪ, ಅದರ ಅಪ್ಪ ಕಾಯುತ್ತಿರಬಹುದು" ಎಂದರು.