ಹೊರಗೆ ಬೀಳದ ಖಾಲಿ ತೋಟಾ

ರಾಮನಗರ,
೩ ನವೆಂಬರ್ ೨೦೨೫

ಸಿರಿಯ ಅಪ್ಪನವರಿಗೆ ನಿಮ್ಮ ಭಾನು ಮಾಡುವ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಗಡಿಯಲ್ಲಿ ಆಗಲೇ ಚಳಿ ಬಿದ್ದಿರುತ್ತದೆ, ಸ್ವೆಟರನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೀರೋ ಥರ ಓಡಾಡಬೇಡಿ. ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತೆಯ ಬಿ.ಪಿ. ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ. ನಿಮ್ಮ ಗಡಿ ಪೋಸ್ಟಿನಲ್ಲಿ ಫೋನು ಸಿಗುವುದಿಲ್ಲವಲ್ಲ, ಅದಕ್ಕೇ ಎಲ್ಲ ವಿವರವಾಗಿ ಬರೆಯುತ್ತಿದ್ದೇನೆ.

ದಸರಾ ಕಳೆದ ಮೇಲೆ ಶೂಟಿಂಗ್ ಕ್ಲಬ್ಬಿನಲ್ಲಿ ಸಿರಿಗೆ ಕೊಟ್ಟಿರುವ ಪಿಸ್ತೂಲು ಹಟ ಹಿಡಿದು ಕೂತಿತ್ತು. ಗುಂಡೇನೋ ಹಾರುತ್ತದೆ, ಖಾಲಿ ತೋಟಾ ಮಾತ್ರ ಹೊರಗೆ ಬೀಳುವುದಿಲ್ಲ. ಪಕ್ಕದ ಕಿಂಡಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಬೇರೆ ತೋಟಾ ತಂದರು, ಮ್ಯಾಗಜೀನು ಬದಲಾಯಿಸಿದರು, ನಳಿಗೆ ತಿಕ್ಕಿದರು. ಕೊನೆಗೆ ಕೋಚ್ ತನ್ವೀರ್ ಸರ್ ಇವಳ ಮಣಿಕಟ್ಟೇ ಸಡಿಲ ಅಂದರಂತೆ. ಕೈ ಗಟ್ಟಿಯಾಗಿ ನಿಲ್ಲದಿದ್ದರೂ ಹೀಗಾಗುತ್ತದಂತೆ. ಇದೇ ಮುಂದುವರಿದರೆ ರಾಜ್ಯಮಟ್ಟದ ಪಂದ್ಯಕ್ಕೆ ಬೇರೆ ಹುಡುಗಿಯನ್ನು ಕಳಿಸುತ್ತೇನೆ ಅಂತಲೂ ಹೇಳಿದ್ದರು. ಮಗು ಸರಿಯಾಗಿ ಊಟ ಮಾಡದೆ, ಮಣಿಕಟ್ಟು ಗಟ್ಟಿಯಾಗಲಿ ಅಂತ ತುಂಬಿದ ಬಿಂದಿಗೆ ಎತ್ತಿ ಹಿಡಿದು ಹಿತ್ತಲಲ್ಲಿ ನಿಲ್ಲುತ್ತಿತ್ತು.

ನನ್ನ ಬುದ್ಧಿ ನಿಮಗೆ ಗೊತ್ತಲ್ಲ, ತಲೆಗೆ ಹುಳ ಹೊಕ್ಕರೆ ನಿದ್ದೆ ಬರುವುದಿಲ್ಲ. ಬಿಡದಿ ಫ್ಯಾಕ್ಟರಿಯ ನಮ್ಮ ಪ್ಯಾಕಿಂಗ್ ಲೈನಿನಲ್ಲಿ ಡಬ್ಬ ಸಿಕ್ಕಿಕೊಂಡರೆ ಯಾರನ್ನೂ ಬೈಯುವುದಿಲ್ಲ, ಎಲ್ಲಿ ಸಿಕ್ಕಿಕೊಂಡಿತು ಅಂತ ಮೊದಲು ನೋಡುತ್ತೇವೆ. ಇದಕ್ಕೂ ಹಾಗೇ ಅಂದುಕೊಂಡು ಭಾನುವಾರ ಕ್ಲಬ್ಬಿಗೆ ಹೋಗಿ ಹಿಂದೆ ಕೂತೆ. ಎಲ್ಲರೂ ಗುರಿ ನೋಡುತ್ತಿದ್ದರೆ ನಾನು ಖಾಲಿ ತೋಟಾಗಳನ್ನೇ ನೋಡುತ್ತಿದ್ದೆ. ಮುಂಚೆ ಅವು ಬಲಗಡೆ ದೂರಕ್ಕೆ ಹಾರುತ್ತಿದ್ದವಂತೆ. ಈಗ ಕಾಲ ಬುಡಕ್ಕೇ ತೊಪ್ಪನೆ ಬೀಳುತ್ತವೆ, ಇಲ್ಲವೇ ಸಿಕ್ಕಿಕೊಳ್ಳುತ್ತವೆ. ನೀವೇ ಒಂದು ಸಲ ಇದರಲ್ಲಿ ಹೊಡೆದು ನೋಡಿ ಸರ್ ಅಂತ ಕೋಚ್‌ಗೆ ಅಂದೆ. ಅವರ ಮುಂಗೈ ಒನಕೆ ಇದ್ದ ಹಾಗಿದೆ, ಅವರ ಕೈಯಲ್ಲೂ ಸಿಕ್ಕಿಕೊಂಡಿತು. ಅವರು ನಕ್ಕು, “ನನ್ ಮಣಿಕಟ್ಟೂ ಸಡ್ಲ ಆಗೋಯ್ತೇನಕ್ಕಾ?” ಅಂದರು. ಸಿರಿ ಮುಖ ನೋಡಬೇಕಿತ್ತು ನೀವು.

ಆಮೇಲೆ ಗುಂಡೆಲ್ಲ ತೆಗೆದು ಪಿಸ್ತೂಲು ಬಿಚ್ಚಿದರು. ಒಳಗೊಂದು ಪುಟ್ಟ ಕೊಕ್ಕೆ ಇರುತ್ತದಂತೆ, ಅದು ಖಾಲಿ ತೋಟಾದ ಅಂಚನ್ನು ಕಚ್ಚಿ ಹಿಂದಕ್ಕೆ ಎಳೆಯಬೇಕು. ಆ ಕೊಕ್ಕೆಯ ಸಂದಿಯಲ್ಲಿ ಅರಗಿನ ಹಾಗೆ ಗಟ್ಟಿಯಾಗಿ ಕೆಂಪಗೆ ಏನೋ ಕೂತಿತ್ತು, ಕೊಕ್ಕೆಗೆ ಕಚ್ಚಲು ಆಗುತ್ತಿರಲಿಲ್ಲ. ಏನು ಗೊತ್ತೇ? ಕುಂಕುಮ. ಆಯುಧಪೂಜೆ ದಿನ ನಮ್ಮನ್ನೂ ಕ್ಲಬ್ಬಿಗೆ ಕರೆದಿದ್ದರಲ್ಲ, ಅತ್ತೆ ಹರಳೆಣ್ಣೆಯಲ್ಲಿ ಕುಂಕುಮ ಕಲಸಿ, ಕಿಂಡಿಯೇ ಅದರ ಬಾಯಿ ಅಂತ ಅಲ್ಲಿಗೇ ಧಾರಾಳವಾಗಿ ಹಚ್ಚಿದ್ದರು. “ತಾನಾಗಿ ಹೋಗೋಗಂಟ ಒರುಸ್ಬ್ಯಾಡಿ” ಅಂತ ಅಪ್ಪಣೆ ಬೇರೆ. ಸಿರಿ ದಿನಾ ಪಿಸ್ತೂಲೆಲ್ಲ ಒರೆಸಿ ಅದೊಂದನ್ನು ಬಿಡುತ್ತಿದ್ದಳು. ತನ್ವೀರ್ ಸರ್ ಕೂಡ, ಅಜ್ಜಿ ಇಟ್ಟಿದ್ದು ಇರಲಿ ಅಂತ ಸುಮ್ಮನಿದ್ದರಂತೆ. ಕೆರೆದು ತೆಗೆದ ಮೇಲೆ ತೋಟಾಗಳು ಟಿಣ್ ಟಿಣ್ ಅಂತ ಹಾರಿದವು. ಪಂದ್ಯಕ್ಕೆ ಸಿರಿಯೇ ಹೋಗುತ್ತಾಳೆ. ಬಿಂದಿಗೆ ಮತ್ತೆ ಅಡುಗೆಮನೆಗೆ ಬಂದಿದೆ.

ಅತ್ತೆಯ ಆಶೀರ್ವಾದ, ಸಿರಿಯ ಮುತ್ತು. ನಿಮ್ಮನ್ನು ನೋಡಬೇಕು ಅನ್ನಿಸುತ್ತಿದೆ, ರಜೆ ಯಾವಾಗ ಅಂತ ತಿಳಿಸಿ.

ನಿಮ್ಮ
ಭಾನುಪ್ರಿಯ

ಮ.ವಿ.: ಲಕೋಟೆ ಅಂಟಿಸುವಾಗ ಅತ್ತೆ ಓಡಿಬಂದರು. ಹೋದ ವಾರ ಕಳಿಸಿದ ಕಜ್ಜಾಯದ ಪಾರ್ಸೆಲ್ಲಿನಲ್ಲಿ, ನಿಮ್ಮ ಬಂದೂಕಿಗೆ ಅಂತ ಅದೇ ಕುಂಕುಮದ ಡಬ್ಬಿ ಇಟ್ಟಿದ್ದಾರಂತೆ. ಬಾಯಿಗೇ ಹಚ್ಚು, ಒರೆಸಬೇಡ ಅಂತ ಚೀಟಿಯನ್ನೂ ಸಿರಿ ಕೈಲಿ ಬರೆಸಿದ್ದಾರೆ. “ನನ್ ಮಗ ನಾ ಯೋಳಿದ್ನ ಮೀರಾಕಿಲ್ಲ ಕಣವ್ವ, ಬಿರ್ನೆ ಬರಿ” ಅಂತ ಪಕ್ಕದಲ್ಲೇ ನಿಂತಿದ್ದಾರೆ. ಹಚ್ಚಿದ್ದರೆ ಓದುತ್ತಿರುವಾಗಲೇ ಎದ್ದು ಒರೆಸಿಬಿಡಿ. ಇದೂ ಅಮ್ಮನ ಮಾತೇ.